ಈ ಗೆರೆಯೊಳಗೆ ಎಷ್ಟು ವಾಯರು?

ಎರಡು ತಿಂಗಳ ಹಿಂದೆ ಊರಿಂದ ಚಿಕ್ಕಮ್ಮನ ಮಗಳ ಫೋನು ಬಂತು. "ಅಣ್ಣಾ, ಮಾಣಿ ಆಟೋಕ್ಯಾಡ್ ಕಲ್ತು ಮುಗಿಸಿದ. ಎಲೆಕ್ಟ್ರಿಕಲ್ ಡ್ರಾಫ್ಟಿಂಗ್ ಅಂತೆ. ಸರ್ಟಿಫಿಕೇಟೂ ಬಂತು. ಬೊಂಬಾಯಲ್ಲಿ ನಿನ್ನ ಗುರ್ತದವರ ಹತ್ರ ಎಲ್ಲಾದ್ರೂ ಸೇರಿಸ್ಲಿಕ್ಕೆ ಆಗ್ತದಾ?"

ಕಳಿಸು ಅಂದೆ. ಹುಡುಗ ಬಂದ. ಒಳ್ಳೆ ಹುಡುಗ, ಮಾತು ಕಮ್ಮಿ, ಕಣ್ಣಲ್ಲಿ ಆಸೆ ಜಾಸ್ತಿ. ಲ್ಯಾಪ್‌ಟಾಪು ತೆರೆದು ತಾನು ಮಾಡಿದ ಡ್ರಾಯಿಂಗ್ ತೋರಿಸಿದ. ಎರಡು ಬೆಡ್‌ರೂಮಿನ ಫ್ಲ್ಯಾಟು. ಲೈಟು, ಫ್ಯಾನು, ಸ್ವಿಚ್ ಬೋರ್ಡು, ಎಲ್ಲದಕ್ಕೂ ಒಂದೊಂದು ಬಣ್ಣದ ಲೇಯರು. ಬೋರ್ಡಿನಿಂದ ಲೈಟಿಗೆ ನಾಜೂಕಾಗಿ ಬಾಗಿದ ಗೆರೆಗಳು. ನೋಡೋಕೆ ನಿಜವಾಗ್ಲೂ ಚೆಂದ ಇತ್ತು.

ನಾನು ಒಂದು ಗೆರೆಯ ಮೇಲೆ ಬೆರಳಿಟ್ಟು ಕೇಳಿದೆ: "ಈ ಗೆರೆಯೊಳಗೆ ಎಷ್ಟು ವಾಯರು ಉಂಟು?"

ಹುಡುಗ ನನ್ನ ಮುಖ ನೋಡಿದ. ಆಮೇಲೆ ಪರದೆ ನೋಡಿದ. "ಮಾವ, ಅದು ಆರ್ಕ್ ಕಮಾಂಡಲ್ಲಿ ಹಾಕಿದ್ದು" ಅಂದ.

ನಗು ಬರಲಿಲ್ಲ ನನಗೆ. ಸಿಟ್ಟು ಬಂತು. ಆ ಹುಡುಗನ ಮೇಲಲ್ಲ. ಆ ಕೋರ್ಸಿಗೆ ಕಟ್ಟಿದ್ದು 42 ಸಾವಿರ ರೂಪಾಯಿ. ಅವನ ಅಮ್ಮನ ಎರಡು ಬಳೆ ಇವತ್ತಿಗೂ ಸೊಸೈಟಿ ಬ್ಯಾಂಕಿನ ಕಪಾಟಲ್ಲಿದೆ. ಮೂರು ತಿಂಗಳು, ದಿನಕ್ಕೆ ಎರಡು ಗಂಟೆ, ಹವಾನಿಯಂತ್ರಿತ ಕೋಣೆ. ಗೆರೆ ಅಂದ್ರೆ ಪೈಪು, ಪೈಪಿನೊಳಗೆ ವಾಯರು, ವಾಯರಿನೊಳಗೆ ಕರೆಂಟು, ಕರೆಂಟಿನ ಆ ತುದಿಯಲ್ಲಿ ಒಂದು ಮನುಷ್ಯನ ಕೈ ಇದೆ... ಇಷ್ಟನ್ನು ಯಾರೂ ಅವನಿಗೆ ಹೇಳಿಲ್ಲ.

ಇದು ಒಬ್ಬ ಹುಡುಗನ ಕಥೆ ಆಗಿದ್ರೆ ಬರೀತಿರಲಿಲ್ಲ. ಈ ಹತ್ತು ವರ್ಷದಲ್ಲಿ ನಾನು ಸಂದರ್ಶನ ಮಾಡಿದ ಹುಡುಗ ಹುಡುಗಿಯರಲ್ಲಿ ಆ ಒಂದು ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಟ್ಟವರನ್ನು ಬೆರಳಲ್ಲಿ ಎಣಿಸಬಹುದು. ಹಾಗಾಗಿ ಇವತ್ತು ಸ್ವಲ್ಪ ಖಾರವಾಗಿಯೇ ಬರೀತೀನಿ, ಬೇಜಾರಾದವರು ಕ್ಷಮಿಸಿ.

ಮೊದಲು ಆ ಪ್ರಶ್ನೆಯ ಉತ್ತರವನ್ನೇ ನೋಡೋಣ. ಬೋರ್ಡಿನಿಂದ ಸೂರಿಗೆ ಹೋಗೋ ಆ ಪೈಪು ಒಂದು ಫ್ಯಾನು, ಎರಡು ಲೈಟಿಗೆ ಹೋಗ್ತದೆ ಅನ್ನಿ. ಮೂರಕ್ಕೂ ಬೇರೆ ಬೇರೆ ಸ್ವಿಚ್ಚು. ಅಂದ್ರೆ ಸ್ವಿಚ್ಚಿನಿಂದ ಹೊರಟ ಫೇಸ್ ವಾಯರು ಮೂರು, ಮೂರಕ್ಕೂ ಸೇರಿ ನ್ಯೂಟ್ರಲ್ ಒಂದು, ಅರ್ತಿಂಗ್ ಒಂದು. ಒಟ್ಟು ಐದು. ಅಷ್ಟೇ ಲೆಕ್ಕ, ಬ್ರಹ್ಮವಿದ್ಯೆ ಏನಲ್ಲ. ಬಾಗಿಲ ಹತ್ರ ಒಂದು, ಮಂಚದ ಹತ್ರ ಒಂದು ಟೂ ವೇ ಸ್ವಿಚ್ಚು ಬೇಕು ಅಂದ್ರೆ ಆ ಎರಡು ಸ್ವಿಚ್ಚುಗಳ ನಡುವೆ ಇನ್ನೂ ಎರಡು ವಾಯರು ಓಡಬೇಕು. ಯಾವ ಅಳತೆಯ ಪೈಪಿನಲ್ಲಿ ಯಾವ ಗಾತ್ರದ ವಾಯರು ಎಷ್ಟು ಹಾಕಬಹುದು ಅಂತ ಪಟ್ಟಿಯೇ ಇದೆ. ಅದಕ್ಕಿಂತ ಹೆಚ್ಚು ತುರುಕಿದ್ರೆ ವಾಯರು ಎಳೆಯುವಾಗ ಮೇಲಿನ ಪಿವಿಸಿ ಕಿತ್ತುಬರ್ತದೆ, ಎಳೆದದ್ದೇ ಆದ್ರೂ ಒಳಗೆ ಬಿಸಿ ಹೋಗೋಕೆ ಜಾಗ ಇರೋದಿಲ್ಲ. ಹೀಗೆ ಒಂದು ಗೆರೆ ಎಳೆಯೋ ಮೊದಲು ತಲೆಯಲ್ಲಿ ಇಷ್ಟು ಓಡಬೇಕು. ಓಡಿಲ್ಲ ಅಂದ್ರೆ ಅದು ಡ್ರಾಯಿಂಗ್ ಅಲ್ಲ, ರಂಗೋಲಿ.

ರಂಗೋಲಿ ಹಾಕೋದನ್ನು ಕಲಿಸಿ, ಡ್ರಾಯಿಂಗ್ ಕಲಿಸಿದ್ವಿ ಅಂತ ದುಡ್ಡು ಇಸ್ಕೊಳ್ಳೋದಕ್ಕೆ ನಮ್ಮ ಕಡೆ ಏನಂತಾರೆ ಅಂತ ನಿಮಗೇ ಗೊತ್ತು.

ಆ ಕೋರ್ಸುಗಳ ಪಾಠಪಟ್ಟಿ ತೆಗೆದು ನೋಡಿ. ಲೈನ್, ಟ್ರಿಮ್, ಆಫ್‌ಸೆಟ್, ಮಿರರ್, ಲೇಯರ್, ಬ್ಲಾಕ್, ಎಕ್ಸ್‌ರೆಫ್, ಪ್ಲಾಟ್. ಇವೆಲ್ಲ ಬೇಡ ಅಂತ ನಾನು ಹೇಳೋದಿಲ್ಲ. ಆದ್ರೆ ಇದು ಟೈಪಿಂಗ್ ಕಲಿತ ಹಾಗೆ. ಟೈಪಿಂಗ್ ಕಲಿತವನು ವಕೀಲನ ಆಫೀಸಲ್ಲಿ ಕೆಲಸಕ್ಕೆ ಸೇರಬಹುದು, ವಕೀಲ ಆಗೋದಿಲ್ಲ. ಆಟೋಕ್ಯಾಡ್ ಮೊದಲು ಬಂದದ್ದು 1982ರಲ್ಲಿ. ಅದಕ್ಕೂ ಮುಂಚೆ ಈ ಮುಂಬಯಿಯಲ್ಲಿ ಕಟ್ಟಡಗಳಿದ್ವು, ಅವುಗಳಲ್ಲಿ ದೀಪ ಉರೀತಿತ್ತು, ಡ್ರಾಯಿಂಗುಗಳೂ ಇದ್ವು. ಯಾರೋ ಟ್ರೇಸಿಂಗ್ ಪೇಪರಿನ ಮೇಲೆ ಕೈಯಲ್ಲಿ ಬರೆದದ್ದು.

ನಾನು ಈ ಕಸುಬಿಗೆ ಬಿದ್ದದ್ದು ಬೋರ್ಡಿನ ಕಾಲದಲ್ಲಿ. ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ ಒಬ್ಬರು ಮರಾಠಿಯವರು, ಬಾಯಿ ತುಂಬ ಪಾನು, ಮೂಗಿನ ತುದಿಯಲ್ಲಿ ಸಿಟ್ಟು. ಮೊದಲ ನಾಲ್ಕು ತಿಂಗಳು ಪೆನ್ನು ಮುಟ್ಟೋಕೆ ಬಿಡಲಿಲ್ಲ. ಬೆಳಿಗ್ಗೆ ಸೈಟಿಗೆ ಹೋಗಬೇಕು, ವಾಯರ್‌ಮನ್ ಹಿಂದೆ ಬಾಲದ ಹಾಗೆ ತಿರುಗಬೇಕು, ಸಂಜೆ ಬಂದು ನೋಡಿದ್ದನ್ನು ಪೆನ್ಸಿಲಿನಲ್ಲಿ ಬರೆದು ತೋರಿಸಬೇಕು. "ಬೋರ್ಡು ನೆಲದಿಂದ ಎಷ್ಟು ಎತ್ತರ? ಟೈಲ್ಸ್ ಹಾಕಿದ ಮೇಲಿನ ನೆಲವೋ, ಬರೀ ಸ್ಲ್ಯಾಬೋ?" ಅಂತ ಕೇಳೋರು. ಗೊತ್ತಿಲ್ಲ ಅಂದ್ರೆ ಮರುದಿನ ಮತ್ತೆ ಅದೇ ಸೈಟಿಗೆ. ಲೋಕಲ್ಲಿನಲ್ಲಿ ನೇತಾಡಿಕೊಂಡು ಹೋಗುವಾಗ ಅವರಿಗೆ ಬೈಯ್ಯದ ದಿನವಿಲ್ಲ. ಆಮೇಲೆ ಪೆನ್ನು ಕೊಟ್ರು. ಟ್ರೇಸಿಂಗಿನ ಮೇಲೆ ಶಾಯಿಯಲ್ಲಿ ತಪ್ಪಿದ್ರೆ ಬ್ಲೇಡಿನಿಂದ ಮೆಲ್ಲಗೆ ಕೆರೆಯಬೇಕು, ಜಾಸ್ತಿ ಕೆರೆದ್ರೆ ಕಾಗದ ತೂತು, ಇಡೀ ಶೀಟು ಮೊದಲಿಂದ. ಹಾಗಾಗಿ ಗೆರೆ ಎಳೆಯೋ ಮೊದಲು ಎರಡು ಸಲ ಯೋಚನೆ ಮಾಡ್ತಿದ್ವಿ. ಈಗ ಅಂಡೂ ಇದೆ, ಯೋಚನೆ ಆಮೇಲೆ.

ಹಳೇ ಕಾಲ ಚಿನ್ನ ಅಂತ ಹಾಡೋಕೆ ಬಂದಿಲ್ಲ ನಾನು. ಅಮೋನಿಯಾ ಪ್ರಿಂಟಿನ ವಾಸನೆ ಕುಡಿದು ಕುಡಿದು ಕಣ್ಣು ಉರಿಸಿಕೊಂಡವನಿಗೆ ಆ ಕಾಲ ವಾಪಸ್ಸು ಬರೋದು ಬೇಡವೇ ಬೇಡ. ಕಂಪ್ಯೂಟರು ಬಂದದ್ದು ಒಳ್ಳೆಯದಾಯ್ತು. ನನ್ನ ತಕರಾರು ಇಷ್ಟೇ. ಪೆನ್ನು ಹೋಗಿ ಮೌಸು ಬಂದಾಗ, ಪೆನ್ನಿನ ಜೊತೆಗೆ ಆ ನಾಲ್ಕು ತಿಂಗಳ ಸೈಟನ್ನೂ ನಾವು ಬಿಸಾಕಿಬಿಟ್ವಿ.

ಬಿಸಾಕಿದ್ರ ಫಲ ಏನು ಅಂತ ನನ್ನದೇ ತಪ್ಪಿನಿಂದ ಹೇಳ್ತೀನಿ. ಬೇರೆಯವರ ತಪ್ಪು ಹೇಳೋಕೆ ಎಲ್ಲರಿಗೂ ಬರ್ತದೆ.

2009ರ ಸುಮಾರಿಗೆ ಒಂದು ಹದಿನಾಲ್ಕು ಮಹಡಿಯ ಕಟ್ಟಡದ ಕೆಲಸ. ಮಹಡಿಗೆ ನಾಲ್ಕು ಫ್ಲ್ಯಾಟು, ಎರಡು ಎಡಗೈ ಎರಡು ಬಲಗೈ. ಎಡದ ಫ್ಲ್ಯಾಟಿನ ಎಲೆಕ್ಟ್ರಿಕಲ್ ಡ್ರಾಯಿಂಗ್ ಕಷ್ಟಪಟ್ಟು ಮಾಡಿ, ಮಿರರ್ ಕೊಟ್ಟು ಬಲದ್ದು ಮಾಡಿದೆ. ಎರಡು ನಿಮಿಷದ ಕೆಲಸ. ಅಷ್ಟರಲ್ಲಿ ಆರ್ಕಿಟೆಕ್ಟು ಬಲಗಡೆ ಫ್ಲ್ಯಾಟಿನಲ್ಲಿ ಕಪಾಟಿಗೆ ಜಾಗ ಮಾಡೋದಕ್ಕೆ ಬೆಡ್‌ರೂಮಿನ ಬಾಗಿಲು ತೆರೆಯೋ ಕಡೆ ಬದಲಾಯಿಸಿದ್ರು. ಹೊಸ ಫೈಲು ನನ್ನ ಹತ್ರ ಬಂದಿತ್ತು. ನಾನು ನೋಡಲಿಲ್ಲ. ಸ್ವಿಚ್ ಬೋರ್ಡು ಬಾಗಿಲ ಹಿಂದೆ ಹೋಗಿ ಕೂತಿತು.

ಇಟ್ಟಿಗೆ ಗೋಡೆ ಆಗಿದ್ರೆ ಅರ್ಧ ದಿನದ ಕೆಲಸ. ಆದ್ರೆ ಅದು ಅಲ್ಯೂಮಿನಿಯಂ ಫಾರ್ಮ್‌ವರ್ಕಿನ ಕಟ್ಟಡ. ನಮ್ಮ ಸೈಟುಗಳಲ್ಲಿ ಎಲ್ಲರೂ ಮಿವಾನ್ ಅಂತಾರಲ್ಲ, ಅದು. ಗೋಡೆಯೂ ಕಾಂಕ್ರೀಟು, ಸ್ಲ್ಯಾಬೂ ಕಾಂಕ್ರೀಟು, ಎರಡನ್ನೂ ಒಟ್ಟಿಗೇ ಸುರೀತಾರೆ. ಪೈಪು, ಬೋರ್ಡಿನ ಡಬ್ಬಿ, ಫ್ಯಾನಿನ ಹುಕ್ಕು ಎಲ್ಲ ಕಾಂಕ್ರೀಟು ಹಾಕೋ ಮೊದಲೇ ಕಂಬಿಯ ನಡುವೆ ಕಟ್ಟಿಟ್ಟಿರಬೇಕು. ಸುರಿದ ಮೇಲೆ ಮುಗೀತು. ಗೊತ್ತಾಗುವಷ್ಟರಲ್ಲಿ ಮೂರು ಮಹಡಿ ಎದ್ದಿತ್ತು. ಮಹಡಿಗೆ ಎರಡು, ಒಟ್ಟು ಆರು ಗೋಡೆ ಒಡೆಯಬೇಕಾಯ್ತು. ಬ್ರೇಕರ್ ಹಚ್ಚಿದಾಗ ಒಳಗಿನ ಕಂಬಿ ಹಲ್ಲು ಕಿಸಿದ ಹಾಗೆ ಕಾಣ್ತಿತ್ತು. ಸ್ಟ್ರಕ್ಚರಲ್ ಇಂಜಿನಿಯರು ನನಗೆ ಬೈದದ್ದು ಇಲ್ಲಿ ಬರೆಯೋ ಹಾಗಿಲ್ಲ. ಆದ್ರೆ ಇವತ್ತಿಗೂ ಚುಚ್ಚೋದು ಆ ಬೈಗುಳ ಅಲ್ಲ. ಗೋಡೆ ಒಡೀತಿದ್ದ ವಾಯರ್‌ಮನ್, ಬಿಹಾರದ ಕಡೆಯವನು, ಧೂಳು ಒರೆಸಿಕೊಳ್ತಾ ಮೆತ್ತಗೆ ಕೇಳಿದ: "ಸಾಬ್, ದರ್ವಾಜಾ ಖೋಲ್ ಕೆ ದೇಖಾ ಥಾ ಕ್ಯಾ?"

ಬಾಗಿಲು ತೆರೆದು ನೋಡಿದ್ರಾ ಅಂತ. ಅಷ್ಟೇ. ಇಪ್ಪತ್ತು ವರ್ಷ ಈ ಕಸುಬು ಮಾಡಿದವನು ನಾನು. ಹೆಡ್ ಡ್ರಾಫ್ಟ್ಸ್‌ಮನ್ ಹತ್ರ ಪಾಠ ಆದವನು. ಸೈಟು ಬಿಟ್ಟು ಕುರ್ಚಿಗೆ ಅಂಟಿಕೊಂಡು ನಾಲ್ಕು ವರ್ಷ ಆದದ್ದಕ್ಕೇ ನನಗೆ ಹೀಗಾದ್ರೆ, ಸೈಟೇ ನೋಡದ ಹುಡುಗನ ಕೈಯಲ್ಲಿ ಏನಾಗಬಹುದು?

ಗೋಡೆ ಒಡೆದ್ರೆ ದುಡ್ಡು ಹೋಗ್ತದೆ. ಜೀವ ಹೋಗೋದು ಹೇಗೆ ಅಂತಲೂ ಹೇಳ್ತೀನಿ, ಯಾಕಂದ್ರೆ "ಡ್ರಾಯಿಂಗಿಂದ ಯಾರು ಸಾಯ್ತಾರೆ ಸಾರ್" ಅಂತ ಒಬ್ಬ ಕೋರ್ಸಿನ ಮಾಸ್ತರರೇ ನನ್ನನ್ನು ಕೇಳಿದ್ದಾರೆ.

ಮನೆಯ ಡಿಬಿಯಲ್ಲಿ ಆರ್‌ಸಿಸಿಬಿ ಅಂತ ಒಂದು ಸಾಧನ ಇರ್ತದೆ. ಒಳಗೆ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಅಷ್ಟೇ ವಾಪಸ್ಸು ಬಂತಾ ಅಂತ ಅದು ಕಾಯ್ತಾ ಇರ್ತದೆ. ಬರಲಿಲ್ಲ ಅಂದ್ರೆ ಎಲ್ಲೋ ಸೋರ್ತಿದೆ, ಗೀಸರಿನ ತಗಡಿಗೋ, ಯಾರದೋ ಮೈಗೋ. 30 ಮಿಲಿಆಂಪಿನ ಆರ್‌ಸಿಸಿಬಿ ಇದ್ರೆ ಅಷ್ಟು ಸೋರುವುದರೊಳಗೆ ಕಟ್ ಮಾಡಿಬಿಡ್ತದೆ. ಮನುಷ್ಯನನ್ನು ಉಳಿಸೋ ಲೆಕ್ಕ ಅದು. ಈಗ ಒಂದು ಡಿಬಿಯಲ್ಲಿ ಎರಡು ಆರ್‌ಸಿಸಿಬಿ ಇವೆ ಅನ್ನಿ. ಯಾವ ಸರ್ಕ್ಯೂಟಿನ ನ್ಯೂಟ್ರಲ್ ಯಾವುದಕ್ಕೆ ಸೇರಬೇಕು ಅಂತ ಡ್ರಾಯಿಂಗಿನಲ್ಲಿ ಸ್ಪಷ್ಟ ಇಲ್ಲ. ಸೈಟಿನಲ್ಲಿ ಒಂದರ ನ್ಯೂಟ್ರಲ್ ಇನ್ನೊಂದರ ಜೊತೆ ಬೆರೆತುಹೋಯ್ತು. ಆಗ ಏನೂ ಸೋರದಿದ್ರೂ ಲೆಕ್ಕ ತಪ್ತದೆ, ಆರ್‌ಸಿಸಿಬಿ ಬೀಳ್ತಾನೇ ಇರ್ತದೆ. ಮನೆಯವರು ದಿನಾ ಕಂಪ್ಲೇಂಟು ಕೊಡ್ತಾರೆ. ನಾಲ್ಕನೇ ಸಲ ಬಂದ ಎಲೆಕ್ಟ್ರಿಷಿಯನ್ನು ರೋಸಿಹೋಗಿ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿ ನೇರ ಕೊಟ್ಟುಬಿಡ್ತಾನೆ. ಕಿರಿಕಿರಿ ನಿಂತಿತು, ಎಲ್ಲರಿಗೂ ಖುಷಿ. ಎರಡು ವರ್ಷದ ಮೇಲೆ ಗೀಸರಿನ ಕಾಯಿಲ್ ಹಾಳಾಗಿ ತಗಡಿಗೆ ಕರೆಂಟು ಬರ್ತದೆ. ಅರ್ತಿಂಗೂ ಸಡಿಲ ಇದ್ದು, ಒದ್ದೆ ಮೈಯಲ್ಲಿ ನಿಂತವರು ಮುಟ್ಟಿದ್ರೆ ಉಳಿಸೋಕೆ ಅಲ್ಲಿ ಏನೂ ಇಲ್ಲ. ಪೇಪರಿನವರು "ಶಾರ್ಟ್ ಸರ್ಕ್ಯೂಟ್" ಅಂತ ಒಂದು ಸಾಲು ಬರೀತಾರೆ. ಯಾರೂ ಡ್ರಾಯಿಂಗ್ ಹುಡುಕಿಕೊಂಡು ಬರೋದಿಲ್ಲ. ಅದೇ ನಮ್ಮ ಪುಣ್ಯ, ಅದೇ ನಮ್ಮ ಪಾಪ.

ಇದನ್ನೆಲ್ಲ ತಡೆಯೋಕೆ ನಿಯಮಗಳಿಲ್ವಾ? ಬೇಕಾದಷ್ಟಿವೆ. ವಯರಿಂಗಿಗೆ ಐಎಸ್ 732 ಇದೆ, 2019ರಲ್ಲಿ ಪರಿಷ್ಕಾರ ಆದದ್ದು. ಅರ್ತಿಂಗಿಗೆ ಐಎಸ್ 3043, 2018ರದ್ದು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಎಂಟನೇ ಭಾಗದಲ್ಲಿ ಎಲೆಕ್ಟ್ರಿಕಲ್ಲಿಗೇ ಒಂದು ವಿಭಾಗ ಇದೆ. ರಾಷ್ಟ್ರೀಯ ವಿದ್ಯುತ್ ಸಂಹಿತೆ 1985ರಲ್ಲಿ ಮೊದಲು ಬಂತು, 2011ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಹೊಸದಾಯ್ತು. ಕೇಂದ್ರ ಲೋಕೋಪಯೋಗಿ ಇಲಾಖೆಯ ಸ್ಪೆಸಿಫಿಕೇಶನ್ ಪುಸ್ತಕ ಅಂತೂ ನಮ್ಮಂಥವರಿಗೆ ಪಂಚಾಂಗ ಇದ್ದ ಹಾಗೆ. ಲೈಟಿನ ಒಂದು ಸರ್ಕ್ಯೂಟಿನಲ್ಲಿ ಹತ್ತು ಪಾಯಿಂಟು ಅಥವಾ 800 ವ್ಯಾಟು, ಯಾವುದು ಕಡಿಮೆಯೋ ಅದು, ಅನ್ನೋ ಹಳೇ ಲೆಕ್ಕ ಅಲ್ಲಿಂದಲೇ ನಾವೆಲ್ಲ ಬಾಯಿಪಾಠ ಮಾಡಿದ್ದು.

ಹುಡುಗನಿಗೆ ಈ ಲೆಕ್ಕ ಹೇಳಿದಾಗ ಅವನು ಒಂದು ಒಳ್ಳೆ ಪ್ರಶ್ನೆ ಕೇಳಿದ. "ಮಾವ, ಈಗ ಎಲ್‌ಇಡಿ ಹತ್ತು ವ್ಯಾಟು. ಹತ್ತು ಲೈಟು ಹಾಕಿದ್ರೂ ನೂರೇ ಆಯ್ತಲ್ಲ. ಮತ್ತೆ 800 ಎಂತಕ್ಕೆ?" ನನಗೆ ಖುಷಿಯಾಯ್ತು. ನೋಡಿ, ತಲೆ ಇದೆ ಹುಡುಗನಿಗೆ! ಬಲ್ಬಿನ ಕಾಲದಲ್ಲಿ 800 ಮೊದಲು ಮುಟ್ಟುತ್ತಿತ್ತು, ಈಗ ಹತ್ತು ಪಾಯಿಂಟು ಮೊದಲು ಮುಟ್ಟುತ್ತೆ. ಆದ್ರೆ ಪಾಯಿಂಟಿನ ಮಿತಿಗೆ ಈಗಲೂ ಅರ್ಥ ಇದೆ, ಒಂದು ಸರ್ಕ್ಯೂಟು ಬಿದ್ರೆ ಅರ್ಧ ಮನೆ ಕತ್ತಲಾಗಬಾರದು, ದೋಷ ಹುಡುಕೋಕೂ ಸುಲಭ ಇರಬೇಕು ಅಂತ ವಿವರಿಸಿದೆ. ಮೂರು ಕಿಲೋವ್ಯಾಟಿನ ಗೀಸರು ಕೊಟ್ಟು ಲೆಕ್ಕ ಹಾಕು ಅಂದೆ. 3000 ಭಾಗಿಸು 230, ಹದಿಮೂರು ಆಂಪ್ ಚಿಲ್ಲರೆ. "ಹಾಗಾದ್ರೆ ಆರು ಆಂಪಿನ ಸಾಕೆಟ್ಟು ಆಗೂದಿಲ್ಲ, ಹದಿನಾರರದ್ದೇ ಬೇಕು" ಅಂತ ಅವನೇ ಹೇಳಿದ. ತನ್ನ ಡ್ರಾಯಿಂಗು ತೆರೆದು ನೋಡಿದ. ಬಾತ್‌ರೂಮಿನಲ್ಲಿ ಆರು ಆಂಪಿನ ಬ್ಲಾಕು ಕೂತಿತ್ತು. ಅದೇ ಡ್ರಾಯಿಂಗಿಗೆ ಕೋರ್ಸಿನವರು ಎ ಗ್ರೇಡು ಕೊಟ್ಟಿದ್ದಾರೆ.

ಅರ್ಧ ಗಂಟೆಯಲ್ಲಿ ಕಲಿಯಬಲ್ಲ ಹುಡುಗನಿಗೆ ಮೂರು ತಿಂಗಳಲ್ಲಿ ಇದನ್ನು ಹೇಳಿಕೊಡಲಿಲ್ಲ. ನನ್ನ ಸಿಟ್ಟಿನ ಮೂಲ ಇದೇ. ಹುಡುಗರು ದಡ್ಡರು ಅಂತ ನಮ್ಮ ಆಫೀಸುಗಳಲ್ಲಿ ಒಂದು ಗೊಣಗಾಟ ಇದೆ. ಸುಳ್ಳು. ಹುಡುಗರು ದಡ್ಡರಲ್ಲ, ಅವರಿಗೆ ಖಾಲಿ ಡಬ್ಬಿ ಮಾರಿದ್ದಾರೆ.

ಈಗ ನನ್ನ ಮಾತಿಗೆ ಎದುರು ಮಾತು. ನಾನು ಕೇಳಿರುವ ಮೂರನ್ನು ಹೇಳ್ತೀನಿ.

ಒಂದನೇದು: "ಬಡವರ ಮಕ್ಕಳಿಗೆ ಬೇಗ ಕೆಲಸ ಬೇಕು. ವರ್ಷಗಟ್ಟಲೆ ಸೈಟಲ್ಲಿ ಅಲೆಯೋಕೆ ಯಾರಿಗೆ ಪುರುಸೊತ್ತಿದೆ?" ಇದು ನ್ಯಾಯವಾದ ಮಾತು, ಹಗುರ ಮಾಡೋಕಾಗೋದಿಲ್ಲ. ಆದ್ರೆ ಬೇಗ ಸಿಗೋದು ಎಂಥ ಕೆಲಸ? ಬೇರೆಯವರು ಕೆಂಪು ಪೆನ್ನಿನಲ್ಲಿ ತಿದ್ದಿದ್ದನ್ನು ಕಂಪ್ಯೂಟರಿಗೆ ಏರಿಸೋ ಕೆಲಸ. ಅದರಲ್ಲಿ ಐದು ವರ್ಷ ಕಳೆದವರನ್ನು ನಾನು ಕಂಡಿದ್ದೇನೆ. ಸಂಬಳ ಏರೋದಿಲ್ಲ, ಬುದ್ಧಿ ಬೆಳೆಯೋದಿಲ್ಲ, ಕೆಲಸ ಕಮ್ಮಿಯಾದ ದಿನ ಮೊದಲು ಹೋಗೋದು ಅವರೇ. ಬಡವರ ಮಕ್ಕಳಿಗೇ ಗಟ್ಟಿ ಕಸುಬು ಬೇಕು ಸ್ವಾಮಿ. ಶ್ರೀಮಂತರ ಮಗ ಒಂದು ಸರ್ಟಿಫಿಕೇಟು ವ್ಯರ್ಥ ಆದ್ರೆ ಇನ್ನೊಂದು ತಗೊಳ್ತಾನೆ. ಇವನ ಅಮ್ಮನ ಹತ್ರ ಇನ್ನೊಂದು ಜೊತೆ ಬಳೆ ಇಲ್ಲ.

ಎರಡನೇದು: "ಇನ್ನು ಮುಂದೆ ಸಾಫ್ಟ್‌ವೇರೇ ಎಲ್ಲ ಮಾಡ್ತದೆ. ಬಿಮ್ ಇದೆ, ರೆವಿಟ್ ಇದೆ, ಈಗ ಎಐ ಬೇರೆ." ಹೌದು, ಇದೆ. ಮೂರು ಆಯಾಮದ ಮಾಡೆಲ್ಲಿನಲ್ಲಿ ಕೇಬಲ್ ಟ್ರೇ ಹೋಗಿ ಎಸಿಯ ಡಕ್ಟಿಗೆ ಗುದ್ದಿದ್ರೆ ಅದೇ ಎಚ್ಚರಿಸ್ತದೆ, ಒಳ್ಳೆಯದೇ. ಆದ್ರೆ ಗುದ್ದಿದ ಮೇಲೆ ಯಾರು ಸರೀಬೇಕು ಅನ್ನೋದನ್ನು ಯಾರು ಹೇಳ್ತಾರೆ? ಚರಂಡಿ ಪೈಪಿಗೆ ಇಳಿಜಾರು ಬೇಕು, ಅದು ಮೇಲೆ ಏರೋಕಾಗೋದಿಲ್ಲ. ಡಕ್ಟು ದೊಡ್ಡದು, ತಿರುಗಿಸೋದು ಕಷ್ಟ. ಕೊನೆಗೆ ಬಾಗಬೇಕಾದ್ದು ಹೆಚ್ಚಾಗಿ ನಮ್ಮ ಕೇಬಲ್ ಟ್ರೇಯೇ, ಬಾಗುವಾಗ ಒಳಗಿನ ದಪ್ಪ ಕೇಬಲ್ಲು ಎಷ್ಟು ಬಾಗ್ತದೆ ಅಂತ ಗೊತ್ತಿರಬೇಕು. ಇದು ಬಟನ್ನಿನ ವಿಷಯ ಅಲ್ಲ. ಇನ್ನೊಂದು ಮಾತು: ಯಂತ್ರ ನಿಜಕ್ಕೂ ಗೆರೆ ಎಳೆಯೋ ಕೆಲಸವನ್ನು ಕಿತ್ತುಕೊಂಡ್ರೆ ಮೊದಲು ಬೀದಿಗೆ ಬೀಳೋದು ಬರೀ ಗೆರೆ ಎಳೆಯೋಕೆ ಕಲಿತವರು. ಹಾಗಾಗಿ ಆ ವಾದ ನನ್ನ ಕಡೆಗೇ ಬರ್ತದೆ, ಅವರ ಕಡೆಗಲ್ಲ.

ಮೂರನೇದು: "ಸೈಟಿಗೆ ಕಳಿಸ್ತೀರಿ, ಬಿಟ್ಟಿ ದುಡಿಸಿಕೊಳ್ತೀರಿ." ಈ ಮಾತಿಗೆ ನಾನು ತಲೆ ತಗ್ಗಿಸ್ತೀನಿ. ಕಲಿಸ್ತೀವಿ ಅಂತ ಹೇಳಿ ಆರು ತಿಂಗಳು ಚಹಾ ತರಿಸಿದ ಕಂತ್ರಾಟುದಾರರು ಇದ್ದಾರೆ. ಇದಕ್ಕೆ ಕಾನೂನು ಇಲ್ಲ ಅಂತಲ್ಲ. 1961ರ ಅಪ್ರೆಂಟಿಸ್ ಕಾಯಿದೆ ಇದೆ, 2016ರಿಂದ ಕೇಂದ್ರದ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯೂ ಇದೆ. ಸ್ಟೈಪೆಂಡು ಕೊಡಬೇಕು, ಕರಾರು ಮಾಡಿಕೊಳ್ಳಬೇಕು. ಸ್ಟೈಪೆಂಡು ಇಲ್ಲದ ಸೈಟಿಗೆ ಹೋಗಬೇಡಿ ಅಂತ ನಾನೂ ಹೇಳ್ತೀನಿ.

ಹಾಗಂತ ತಪ್ಪೆಲ್ಲ ಕೋರ್ಸಿನವರದ್ದೇ ಅಂತ ಕೈ ತೊಳೆದುಕೊಂಡ್ರೆ ಅದೂ ಮೋಸ. ನಮ್ಮ ಕನ್ಸಲ್ಟೆಂಟು ಆಫೀಸುಗಳು ಏನು ಕಡಿಮೆಯೇ? ಜಾಹೀರಾತಿನಲ್ಲಿ "ಕ್ಯಾಡ್ ಆಪರೇಟರ್ ಬೇಕು" ಅಂತ ಹಾಕೋರು ನಾವೇ. ಆಪರೇಟರ್ ಅಂದ್ರೆ ಏನು? ಲಿಫ್ಟಿನ ಗುಂಡಿ ಒತ್ತೋನು. ಡ್ರಾಫ್ಟ್ಸ್‌ಮನ್ ಅನ್ನೋ ಮರ್ಯಾದೆಯ ಶಬ್ದ ಇತ್ತು, ಐಟಿಐಯಲ್ಲಿ ಸಿವಿಲ್ಲಿಗೆ, ಮೆಕ್ಯಾನಿಕಲ್ಲಿಗೆ ಎರಡೆರಡು ವರ್ಷದ ಡ್ರಾಫ್ಟ್ಸ್‌ಮನ್ ಟ್ರೇಡು ಇವತ್ತಿಗೂ ಇದೆ. ಆ ಶಬ್ದವನ್ನು ಅಳಿಸಿದವರು ನಾವು. ಹುಡುಗರನ್ನು ಸೈಟಿಗೆ ಕಳಿಸಿದ್ರೆ ಟ್ರೇನು ರಿಕ್ಷಾ ಖರ್ಚು, ಒಂದು ದಿನದ ಡ್ರಾಯಿಂಗು ನಷ್ಟ ಅಂತ ಲೆಕ್ಕ ಹಾಕೋರೂ ನಾವೇ. ಮೇಲಿಂದ "ಈಗಿನ ಹುಡುಗರಿಗೆ ಸೈಟಿನ ಜ್ಞಾನವೇ ಇಲ್ಲ" ಅಂತ ಚಹಾ ಕುಡೀತಾ ಅಂತೀವಿ. ಆ ಆರು ಗೋಡೆ ಒಡೆದ ಮೇಲೂ ನನಗೆ ಬುದ್ಧಿ ಬರೋಕೆ ತಡವಾಯ್ತು. ಹೊಸಬರನ್ನು ವಾರಕ್ಕೊಂದು ದಿನ ಕಡ್ಡಾಯ ಸೈಟಿಗೆ ಕಳಿಸೋ ಪದ್ಧತಿ ನಾನು ಶುರು ಮಾಡಿದ್ದು ಇನ್ನೂ ಮೂರು ವರ್ಷ ಬಿಟ್ಟು.

ಹಾಗಾದ್ರೆ ಕಲಿಯೋದು ಹೇಗೆ? ನನ್ನ ಕ್ರಮ ಹೇಳ್ತೀನಿ, ಒಪ್ಪೋದು ಬಿಡೋದು ನಿಮಗೆ ಬಿಟ್ಟದ್ದು.

ಮೊದಲು ನಿಮ್ಮ ಸ್ವಂತ ಮನೆ. ಟೇಪು ಹಿಡಿದು ಅಳೆಯಿರಿ, ಕೈಯಲ್ಲಿ 1:50 ಅಳತೆಗೆ ಪೆನ್ಸಿಲಿನಲ್ಲಿ ನಕ್ಷೆ ಬರೆಯಿರಿ. ಪ್ರತಿ ಬಾಗಿಲು ಯಾವ ಕಡೆ ತೆರೀತದೆ ಅಂತ ಗುರುತು ಹಾಕಿ (ನನ್ನ ಮಾತು ನಂಬಿ, ಇದು ಮೊದಲು!). ಯಾವ ಸ್ವಿಚ್ಚು ಯಾವ ಲೈಟಿನದ್ದು, ಯಾವ ಎಂಸಿಬಿ ಇಳಿಸಿದ್ರೆ ಏನೇನು ಆರ್ತದೆ ಅಂತ ಒಂದೊಂದಾಗಿ ನೋಡಿ ಪಟ್ಟಿ ಮಾಡಿ. ಡಿಬಿಯ ಮುಚ್ಚಳ ಮಾತ್ರ ಬಿಚ್ಚೋಕೆ ಹೋಗಬೇಡಿ, ಅದು ಲೈಸೆನ್ಸು ಇದ್ದವರ ಕೆಲಸ. ಆಮೇಲೆ ಪ್ರತಿ ಗೆರೆಯ ಮೇಲೂ ವಾಯರಿನ ಸಂಖ್ಯೆ ಬರೆಯಿರಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಆಮೇಲೆ ಸೈಟು. ಕನಿಷ್ಠ ಆರು ತಿಂಗಳು. ಸ್ಲ್ಯಾಬಿನ ಹಿಂದಿನ ಸಂಜೆ ಅಲ್ಲಿ ಇರಬೇಕು. ಆರು ಗಂಟೆಗೆ ಬೆಳಕು ಕಡಿಮೆ, ನಾಳೆ ಬೆಳಿಗ್ಗೆ ಕಾಂಕ್ರೀಟು, ವಾಯರ್‌ಮನ್ ಕೈಯಲ್ಲಿ ಸಿಮೆಂಟು ಮೆತ್ತಿದ, ಮಡಚಿ ಮಡಚಿ ಹರಿದ ಡ್ರಾಯಿಂಗು. ಆ ಹೊತ್ತಿನಲ್ಲಿ ಅವನಿಗೆ ಯಾವ ಅಳತೆ ಬೇಕು, ಯಾವ ಅಕ್ಷರ ಓದೋಕಾಗ್ತಿಲ್ಲ ಅಂತ ನೋಡಿದವನು ಮತ್ತೆ ಯಾವತ್ತೂ ಇರುವೆಯಂಥ ಅಕ್ಷರ ಹಾಕೋದಿಲ್ಲ.

ಮೂರನೇದಾಗಿ ಸಾಫ್ಟ್‌ವೇರು. ಅದಕ್ಕೆ ಒಂದೆರಡು ತಿಂಗಳು ಸಾಕು, ಅಂತರ್ಜಾಲದಲ್ಲಿ ಪುಕ್ಕಟೆ ಪಾಠಗಳಿವೆ. ಐಟಿಐ ಎಲೆಕ್ಟ್ರಿಷಿಯನ್ ಮಾಡಿದ ಹುಡುಗ ಮೂರು ತಿಂಗಳಲ್ಲಿ ಒಳ್ಳೆ ಡ್ರಾಫ್ಟ್ಸ್‌ಮನ್ ಆದದ್ದನ್ನು ನಾನು ನೋಡಿದ್ದೇನೆ. ಬರೀ ಕ್ಯಾಡ್ ಕಲಿತವನು ಮೂರು ವರ್ಷದಲ್ಲೂ ವಯರಿಂಗ್ ಕಲಿಯದ್ದನ್ನೂ ನೋಡಿದ್ದೇನೆ. ಜೊತೆಜೊತೆಗೆ ಸಂಹಿತೆಗಳನ್ನು ಓದಬೇಕು. ಲೋಕೋಪಯೋಗಿ ಇಲಾಖೆಯ ಪುಸ್ತಕ ಅವರ ಜಾಲತಾಣದಲ್ಲೇ ಇದೆ, ಐಎಸ್‌ಗಳನ್ನೂ ಈಗ ಬಿಐಎಸ್ ತಾಣದಲ್ಲಿ ಹೆಸರು ನೋಂದಾಯಿಸಿ ಪುಕ್ಕಟೆ ಇಳಿಸಿಕೊಳ್ಳಬಹುದು. ನಮ್ಮ ಕಾಲದಲ್ಲಿ ಒಂದೊಂದು ಐಎಸ್ ಪ್ರತಿಗೂ ಆಫೀಸಲ್ಲಿ ಬೀಗ ಇರ್ತಿತ್ತು.

ಊರಲ್ಲಿರೋ ತಂದೆ ತಾಯಿಯರಿಗೆ ಒಂದು ಮಾತು. ದುಡ್ಡು ಕಟ್ಟೋ ಮೊದಲು ಆ ಕೋರ್ಸಿನವರನ್ನು ಮೂರೇ ಪ್ರಶ್ನೆ ಕೇಳಿ. ಕಲಿಸೋ ಮಾಸ್ತರರು ಎಷ್ಟು ವರ್ಷ ಸೈಟಿನಲ್ಲಿದ್ರು? ಮಕ್ಕಳನ್ನು ಕಟ್ಟುತ್ತಿರುವ ಕಟ್ಟಡಕ್ಕೆ ಎಷ್ಟು ದಿನ ಕರ್ಕೊಂಡು ಹೋಗ್ತೀರಿ? ನಿಮ್ಮ ವಿದ್ಯಾರ್ಥಿ ಮಾಡಿದ ಡ್ರಾಯಿಂಗಿನಲ್ಲಿ ಈ ಗೆರೆಯೊಳಗೆ ಎಷ್ಟು ವಾಯರು? ಮೂರನೇದಕ್ಕೆ ಅವರು ತಡವರಿಸಿದ್ರೆ ಬಳೆ ಕೈಯಲ್ಲೇ ಇರಲಿ.

ಕೊನೆಗೆ ನಮ್ಮಂಥವರಿಗೂ ಒಂದು ಮಾತು. ಈ ಊರಿನ ಕನ್ನಡಿಗರಿಗೆ ರಾತ್ರಿ ಶಾಲೆ ಹೊಸದಲ್ಲ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೇಲೆ ಬಂದವರ ಊರು ಇದು. ಆ ಶಾಲೆಗಳಲ್ಲಿ ಪಾಠ ಮಾಡಿದವರು ಹಗಲು ಬೇರೆ ಕಡೆ ದುಡಿದು ದಣಿದವರೇ. ಈಗ ನಮ್ಮ ಸಂಘಗಳಿಗೆ ಸಭಾಂಗಣ ಇದೆ. ಯಕ್ಷಗಾನ ಆಗ್ತದೆ, ಸನ್ಮಾನ ಆಗ್ತದೆ, ಬಹಳ ಸಂತೋಷ, ನಾನೂ ಮುಂದಿನ ಸಾಲಿನಲ್ಲೇ ಕೂರ್ತೀನಿ. ತಿಂಗಳಿಗೆ ಎರಡು ಭಾನುವಾರ ಅದೇ ಸಭಾಂಗಣದಲ್ಲಿ ನಾಲ್ಕು ಮೇಜು ಹಾಕಿ ಇದನ್ನು ಕನ್ನಡದಲ್ಲಿ ಹೇಳಿಕೊಡೋಕೆ ಏನು ಕಷ್ಟ? ಅರ್ತಿಂಗಿಗೆ ಸಂಸ್ಕೃತದ ಶಬ್ದ ಹುಡುಕಬೇಕಾಗಿಲ್ಲ. ಅರ್ತಿಂಗ್ ಅಂತಲೇ ಹೇಳೋಣ, ಯಾಕೆ ಬೇಕು ಅನ್ನೋದನ್ನು ಕನ್ನಡದಲ್ಲಿ ಹೇಳೋಣ. ರಿಟೈರಾದ ವಾಯರ್‌ಮನ್, ಸೂಪರ್‌ವೈಸರ್, ಇಂಜಿನಿಯರ್ ನಮ್ಮಲ್ಲಿ ಎಷ್ಟು ಜನ ಇಲ್ಲ? ಮನೆಯಲ್ಲಿ ಕೂತು ಸೀರಿಯಲ್ ನೋಡೋ ಬದಲು ಬನ್ನಿ. ನನ್ನ ಎರಡು ಭಾನುವಾರ ನಾನು ಕೊಡ್ತೀನಿ. ಸಂಘದ ಕಾರ್ಯದರ್ಶಿಗಳಿಗೆ ಕಾಗದ ಕೊಟ್ಟಾಗಿದೆ. ನೋಡೋಣ ಅಂದಿದ್ದಾರೆ. ಆ ನೋಡೋಣಕ್ಕೆ ಎಷ್ಟು ತಿಂಗಳು ಅಂತ ನಾನೂ ನೋಡ್ತೀನಿ.

ಹುಡುಗ ಈಗ ಠಾಣೆಯ ಕಡೆ ಒಂದು ಸೈಟಿನಲ್ಲಿದ್ದಾನೆ, ಸ್ಟೈಪೆಂಡಿನ ಮೇಲೆ. ಮೊದಲ ವಾರ ನನ್ನ ಹತ್ರ ಸರಿಯಾಗಿ ಮಾತಾಡಲಿಲ್ಲ. ಕಂಪ್ಯೂಟರ್ ಮುಂದೆ ಕೂರೋಕೆ ಅಂತ ಬೊಂಬಾಯಿಗೆ ಬಂದವನನ್ನು ಪೈಪು ಹೊರೋಕೆ ಕಳಿಸಿದ್ರು ಮಾವ ಅಂತ ಅಮ್ಮನ ಹತ್ರ ದೂರು ಹೇಳಿದ್ದಾನೆ, ನನಗೆ ಗೊತ್ತು. ತಂಗಿಯೂ ಫೋನಿನಲ್ಲಿ ಸ್ವಲ್ಪ ಬಿಗಿ. ಬಳೆ ಇನ್ನೂ ಬ್ಯಾಂಕಿನಲ್ಲೇ ಇದೆ, ನಾನು ಬಿಡಿಸಿ ಕೊಡ್ತೀನಿ ಅಂದ್ರೆ ಅವಳು ಒಪ್ಪಲಿಲ್ಲ.

ಮೊನ್ನೆ ಭಾನುವಾರ ಊಟಕ್ಕೆ ಬಂದಿದ್ದ. ಊಟ ಆದ ಮೇಲೆ ಜೇಬಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟ. ಸೈಟಿನ ಒಂದು ಬೆಡ್‌ರೂಮು, ಪೆನ್ಸಿಲಿನಲ್ಲಿ. ಗೆರೆಗಳು ಸೊಟ್ಟ. ಪ್ರತಿ ಗೆರೆಯ ಮೇಲೂ ಒಂದೊಂದು ಅಂಕಿ ಇತ್ತು.

ಒಂದು ಕಡೆ ಐದು ಅಂತ ಬರೆದಿದ್ದ, ಆರು ಇರಬೇಕಿತ್ತು. ಟೂ ವೇ ಸ್ವಿಚ್ಚಿನದ್ದು ಮರೆತಿದ್ದ. ಹೇಳಿದೆ. "ಹೌದಲ್ಲ!" ಅಂತ ರಬ್ಬರು ಕೇಳಿದ. ಮನೆಯಲ್ಲಿ ರಬ್ಬರು ಹುಡುಕೋಕೆ ಹತ್ತು ನಿಮಿಷ ಬೇಕಾಯ್ತು ನೋಡಿ.